ಒಂದು ಮೂಲೆ ಟೆಸ್ಟ್ ಮಾಡಿದರೆ ಸಾಲದು

"ಅಜ್ಜಿಯ ಮುಸಲ್ಲಾದ ಮೂಲೆಗೆ ಒದ್ದೆ ಬಟ್ಟೆ ಒತ್ತಿದೆ, ಕೆಂಪು ಬಿಡಲಿಲ್ಲ, ನಾಳೆ ಮೆಷಿನ್‌ಗೆ ಹಾಕುತ್ತೇನೆ" ಅಂತ ಆ ಹಳೇ ಉಣ್ಣೆಯ ನಮಾಜ್ ರತ್ನಗಂಬಳಿಯ ಫೋಟೋಗಳ ಜೊತೆ ಬರೆದಿದ್ದೀರಿ. ದಯವಿಟ್ಟು ತಡೆಯಿರಿ. ಇದೇ ಧೈರ್ಯದಲ್ಲಿ ನಾನು ಒಂದು ಹಳೇ ಮಿಲಾಸ್ (ಟರ್ಕಿಯ ಮಿಲಾಸ್ ಕಡೆಯ ಮುಸಲ್ಲಾ) ಕೆಡಿಸಿಕೊಂಡಿದ್ದೇನೆ.

ನಾನೂ ಅಂಚಿನ ಇಟ್ಟಿಗೆ ಕೆಂಪನ್ನಷ್ಟೇ ನೋಡಿದ್ದೆ. ಅದು ಗಿಡದ ಬೇರಿನಿಂದ ತೆಗೆದ ಬಣ್ಣ, ಜಪ್ಪಯ್ಯ ಅಂದರೂ ಬಿಡಲಿಲ್ಲ. ಆದರೆ ಮೆಹರಾಬಿನ (ನೇಯ್ದ ಕಮಾನಿನ ಚಿತ್ರ) ಮೇಲಿನ ಬಿಳಿ ಜಾಗದಲ್ಲಿ ಮೂರು ಪುಟ್ಟ ಹೂವಿದ್ದವು. ಅವುಗಳ ಕೆಂಪು ಬೇರೆ, ಸ್ವಲ್ಪ ನೇರಳೆ ಕಡೆಗೆ. ಕೆಮಿಕಲ್ ಬಣ್ಣ! 1850ರ ದಶಕದ ಕೊನೆಯಲ್ಲಿ ಫ್ಯೂಕ್ಸಿನ್ ಎಂಬ ಕೆಮಿಕಲ್ ಕೆಂಪು ಬಂದ ಮೇಲೆ ಒಂದೇ ಮುಸಲ್ಲಾದಲ್ಲಿ ಎರಡೂ ಥರದ ಬಣ್ಣ ಸಿಗುವುದು ಮಾಮೂಲು. ತೊಳೆಯುವಾಗ ಏನೂ ಆಗಲಿಲ್ಲ, ಅದೇ ಮೋಸ. ರಾತ್ರಿ ಹಗ್ಗಕ್ಕೆ ನೇತುಹಾಕಿದೆ. ಬೆಳಿಗ್ಗೆ ನೋಡಿದರೆ ಪ್ರತಿ ಹೂವಿನ ಕೆಳಗೂ ಬಿಳಿ ಉಣ್ಣೆಯ ಮೇಲೆ ಗೇಣುದ್ದ ಗುಲಾಬಿ ಗೆರೆ, ಕಾಡಿಗೆ ಕಣ್ಣು ಅತ್ತ ಹಾಗೆ. ನಿಧಾನವಾಗಿ ಒಣಗಿದಷ್ಟೂ ಬಣ್ಣ ಓಡುತ್ತದೆ.

ಈಗ ನಾನು ಪ್ರತಿ ಬಣ್ಣವನ್ನೂ ನೋಡುತ್ತೇನೆ. ಒಂದೇ ಥರ ಕಾಣುವ ಎರಡು ಕೆಂಪಿದ್ದರೆ ಎರಡನ್ನೂ, ಮುಂದೂ ಹಿಂದೂ. ಒದ್ದೆ ಬಿಳಿ ಹತ್ತಿ ಬಟ್ಟೆ, ಮೇಲೆ ಗಾಜಿನ ಲೋಟ, ಹತ್ತು ನಿಮಿಷ. ಆಮೇಲೆ ಸೋಪು ನೀರಿನಲ್ಲಿ ಇನ್ನೊಮ್ಮೆ. ಚೂರು ಬಣ್ಣ ಹತ್ತಿದರೂ ನೀರಿನ ಮಾತು ಬೇಡ. ಹತ್ತದಿದ್ದರೂ ನೇತುಹಾಕಬೇಡಿ, ಚಪ್ಪಟೆಯಾಗಿ ಹಾಸಿ ಫ್ಯಾನ್ ಹಾಕಿ.

ಮೆಷಿನ್ ಅಂತೂ ಬೇಡವೇ ಬೇಡ. ಜೆಂಟಲ್ ಮೋಡ್ ಆದರೂ ಹೊರಳಾಟ ಹೊರಳಾಟವೇ, ಉಣ್ಣೆ ಮುದುಡಿ ಗಟ್ಟಿಯಾಗುತ್ತದೆ. ಎನ್ಝೈಮ್ ಇರುವ ಪೌಡರ್ ಇನ್ನೂ ಕೆಟ್ಟದ್ದು. ಅದು ಪ್ರೋಟೀನ್ ಕಲೆ ತಿನ್ನಲು ಮಾಡಿದ್ದು, ಉಣ್ಣೆಯೂ ಪ್ರೋಟೀನೇ ಅಲ್ವಾ? ನನಗೆ ಹಿಡಿಸಿದ್ದು ಆರ್ವಸ್ ಪೇಸ್ಟ್ ಎಂಬ ಮೃದು ಡಿಟರ್ಜೆಂಟ್ ಒಂದೇ, ಅದೂ ಚಿಟಿಕೆಯಷ್ಟು. ಜಾಹೀರಾತಿನ 'ಕಾರ್ಪೆಟ್ ಶಾಂಪೂ'ಗಳನ್ನು ನಾನು ಮುಟ್ಟುವುದಿಲ್ಲ. ಜೂಲಿನಲ್ಲಿ ಅಂಟು ಉಳಿದು ಧೂಳು ಜಾಸ್ತಿ ಹಿಡಿಯುತ್ತದೆ.

ಅಷ್ಟಕ್ಕೂ ತೊಳೆಯುವುದೇಕೆ? ನಮಾಜ್‌ಗೆ ಪಾಕ್ (ಶುದ್ಧ) ಆಗಿದ್ದರೆ ಸಾಕು, ಹೊಸದರ ಹಾಗೆ ಹೊಳೆಯಬೇಕಿಲ್ಲ. ಮಗುಚಿ ಹಾಸಿ ಹಿಂದಿನಿಂದ ಅಂಗೈಯಲ್ಲಿ ಮೆಲ್ಲಗೆ ತಟ್ಟಿ. ಗಂಟಿನ ಬುಡದ ಮರಳು ಉದುರುವುದು ನೋಡಿದರೆ ಗಾಬರಿಯಾಗುತ್ತೀರಿ, ಉಣ್ಣೆ ಕತ್ತರಿಸುವುದು ಅದೇ. ಕುಚ್ಚಿನ ಮೇಲೆ ವ್ಯಾಕ್ಯೂಮ್ ಬೇಡ. ಅದು ಅಲಂಕಾರವಲ್ಲ, ಹಾಸಿನ ನೂಲಿನ (ನೇಯ್ಗೆಯ ಉದ್ದದ ಎಳೆ) ತುದಿ. ಅದು ಹೋದರೆ ಅಂಚಿನ ಗಂಟು ಬಿಚ್ಚಿಕೊಳ್ಳುತ್ತದೆ.

ಹಣೆ, ಮಂಡಿ ತಾಗುವ ಕಡೆ ಸವೆದದ್ದಕ್ಕೆ ಹೊಸ ಗಂಟು ಹಾಕಿಸಬೇಡಿ. ಅವು ಅಜ್ಜಿ ಹಣೆ ನೆಲಕ್ಕಿಟ್ಟು ಮಾಡಿದ ಸಜ್ದಾದ ಗುರುತು. ಆದರೆ ನಿಮ್ಮ ಎರಡನೇ ಫೋಟೋದಲ್ಲಿ ಮಡಿಕೆಯ ಹತ್ತಿರ ಬೋಳಾಗಿರುವುದು ಸವೆತ ಅಲ್ಲ, ಅಕ್ಕಿ ಕಾಳಿನಂಥ ಗೂಡು ಕಾಣುತ್ತಿದೆ. ಉಣ್ಣೆ ತಿನ್ನುವ ನುಸಿ ಹುಳು. ಮೊದಲು ಅದನ್ನು ನೋಡಿಕೊಳ್ಳಿ. ಸುತ್ತಿ, ಪ್ಲಾಸ್ಟಿಕ್‌ನಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಇಲ್ಲದಿದ್ದರೆ ಉಣ್ಣೆಯ ಮೇಲೇ ನೀರು ಕಟ್ಟುತ್ತದೆ.