‘ನೋಡೋಣ’ ಎಂದವರ ಪಟ್ಟಿ: ವಿಮಾ ಏಜೆಂಟರೊಬ್ಬರ ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯಲಾಗಿದೆ.)

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕೊಂದರಲ್ಲಿ 17 ವರ್ಷಗಳಿಂದ ಜೀವವಿಮಾ ಏಜೆಂಟರಾಗಿರುವ 46 ವರ್ಷದ ಗೃಹಸ್ಥರೊಬ್ಬರು ಡಿಸೆಂಬರ್ ತಿಂಗಳಲ್ಲಿ ಪತ್ನಿಯೊಂದಿಗೆ ನನ್ನಲ್ಲಿಗೆ ಬಂದರು. ಮಾತು ಆರಂಭಿಸಿದವರು ಪತ್ನಿ. “ಫೋನು ಹೊಡ್ಕೊಳ್ತಾನೇ ಇರ್ತದೆ, ಇವರು ಎತ್ತೋದೇ ಇಲ್ಲ. ಯಾರಾದರೂ ಮನೆಗೇ ಬಂದರೆ ತೋಟಕ್ಕೆ ಹೋಗಿದಾರೆ ಅಂತ ನಾನೇ ಸುಳ್ಳು ಹೇಳಬೇಕು” ಎಂದರು. ಅವರು ಹಾಗೆ ಹೇಳುತ್ತಿದ್ದಾಗಲೇ ಮೇಜಿನ ಮೇಲೆ ಬೋರಲು ಇಟ್ಟಿದ್ದ ಫೋನು ನಡುಗಿತು. ಏಜೆಂಟರು ಅದನ್ನು ತಿರುಗಿಸಿ ನೋಡಲಿಲ್ಲ. ಕೈಯನ್ನು ಅಂಗಿಯ ಜೇಬಿಗೆ ಒಯ್ದು, ಅಲ್ಲಿದ್ದ ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು.

ವಿಷಯ ತಿಳಿಯಲು ಎರಡನೆಯ ಭೇಟಿಯವರೆಗೆ ಕಾಯಬೇಕಾಯಿತು. ಅವರ ಬಾಲ್ಯದ ಗೆಳೆಯ, 48 ವರ್ಷದ ಅಡಿಕೆ ಬೆಳೆಗಾರರೊಬ್ಬರು, ಹಿಂದಿನ ವರ್ಷವಷ್ಟೇ ಇವರಲ್ಲಿ ಪಾಲಿಸಿ ಮಾಡಿಸಿದ್ದರು. ಎರಡನೆಯ ವಾರ್ಷಿಕ ಕಂತು ಆಗಸ್ಟ್ 3ಕ್ಕೆ ಬಾಕಿಯಿತ್ತು. ಮಲೆನಾಡಿನಲ್ಲಿ ಆಗಸ್ಟ್ ಎಂದರೆ ಕೈಯಲ್ಲಿ ಕಾಸಿಲ್ಲದ ತಿಂಗಳು. ಅಡಿಕೆಯ ಕೊಳೆರೋಗದ ಔಷಧಿಗೆ, ಆಳಿನ ಕೂಲಿಗೆ ದುಡ್ಡು ಹೋಗಿರುತ್ತದೆ, ಹೊಸ ಅಡಿಕೆ ಬರಲು ಇನ್ನೂ ತಿಂಗಳುಗಳಿರುತ್ತವೆ. ಗೆಳೆಯನಿಗೆ ಇಂಥ ಹೊತ್ತಿನಲ್ಲಿ ಹಣ ಕೇಳುವುದು ಹೇಗೆಂದು ಏಜೆಂಟರು ಮುಂದೂಡಿದರು. ವಾರ್ಷಿಕ ಕಂತಿಗೆ ಇರುವ 30 ದಿನಗಳ ಗ್ರೇಸ್ ಅವಧಿ, ಎಂದರೆ ಕಂತು ತಡವಾದರೂ ಪಾಲಿಸಿ ಚಾಲ್ತಿಯಲ್ಲಿರುವ ವಿನಾಯಿತಿಯ ದಿನಗಳು, ಸೆಪ್ಟೆಂಬರ್ 2ಕ್ಕೆ ಮುಗಿಯಿತು. ಕಂತು ತಪ್ಪಿದ ಪಾಲಿಸಿಯನ್ನು ಬಡ್ಡಿ ಕಟ್ಟಿ, ಆರೋಗ್ಯದ ಘೋಷಣೆ ಕೊಟ್ಟು ರಿವೈವಲ್ (ಮತ್ತೆ ಚಾಲ್ತಿ) ಮಾಡಿಸಬಹುದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಈಗ ಕರೆ ಮಾಡಿದರೆ ‘ಮೊದಲೇ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ನಾಳೆ ಮಾಡಿದರಾಯಿತು ಎಂದುಕೊಳ್ಳುತ್ತ 22 ದಿನ ಕಳೆದವು. ಸೆಪ್ಟೆಂಬರ್ 24ರಂದು ಗೆಳೆಯ ಹೃದಯಾಘಾತದಿಂದ ತೀರಿಕೊಂಡರು. ಒಂದೇ ವರ್ಷದ ಕಂತು ಕಟ್ಟಿ ನಿಂತುಹೋಗಿದ್ದ ಆ ಪಾಲಿಸಿಯಿಂದ, ಆಗಿನ ನಿಯಮದಂತೆ, ಮನೆಯವರಿಗೆ ಏನೂ ಬರುವಂತಿರಲಿಲ್ಲ. ಗ್ರೇಸ್ ಅವಧಿಯೊಳಗೆ ಸಾವು ಸಂಭವಿಸಿದ್ದರೆ ಬಾಕಿ ಕಂತನ್ನು ಮುರಿದುಕೊಂಡು ಉಳಿದ ವಿಮಾ ಮೊತ್ತ ಬರುತ್ತಿತ್ತು. ಈ ಲೆಕ್ಕವನ್ನು ಅವರು ನನಗೆ ಮೂರು ಸಲ, ಪ್ರತಿ ಸಲವೂ ದಿನಗಳನ್ನು ಬೆರಳಿನಲ್ಲಿ ಎಣಿಸಿ, ಒಪ್ಪಿಸಿದರು.

ಅಂದಿನಿಂದ ಅವರು ಯಾವ ಗ್ರಾಹಕರಿಗೂ ತಾವಾಗಿ ಕರೆ ಮಾಡಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಇನ್ನೂ ಯಾರ ಕಂತು ತಪ್ಪಿರಬಹುದೆಂದು ಹೆಸರುಗಳು ತಲೆಯಲ್ಲಿ ಸಾಲುಗಟ್ಟುತ್ತಿದ್ದವು. ಆತಂಕವನ್ನು ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 14 ಅಂಕ ಬಂತು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲವೆಂದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ದಂಪತಿಗಳಿಬ್ಬರ ಫೋನಿನಲ್ಲಿಯೂ ಬರೆಯಿಸಿ, ಎರಡು ವಾರಗಳಲ್ಲಿ ನಿದ್ರೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಒಪ್ಪಿಸಿದೆ.

ಇಂಥ ಸಂದರ್ಭದಲ್ಲಿ ‘ನಿಮ್ಮದೇನೂ ತಪ್ಪಿಲ್ಲ’ ಎಂದುಬಿಡುವುದು ಸುಲಭ. ಊರಿನವರೆಲ್ಲ ಅವರಿಗೆ ಅದನ್ನೇ ಹೇಳಿದ್ದರು; ಅದರಿಂದ ಅವರು ಇನ್ನಷ್ಟು ಒಂಟಿಯಾಗಿದ್ದರು. ತಪ್ಪಿನಲ್ಲಿ ಅವರ ಪಾಲಿತ್ತು, ಅದನ್ನು ನಾನು ಅಲ್ಲಗಳೆಯಲಿಲ್ಲ. ಆದರೆ ಇಡೀ ತಪ್ಪು ಅವರದಾಗಿರಲಿಲ್ಲ. ಕಂಪನಿಯ ಎಸ್‌ಎಂಎಸ್ ಗೆಳೆಯನ ಫೋನಿಗೆ ಬಂದಿತ್ತು, ಅದು ಇಂಗ್ಲಿಷಿನಲ್ಲಿತ್ತು, ತೆರೆದೇ ಇರಲಿಲ್ಲ. ಕಂತಿನ ದಿನಾಂಕ ಗೆಳೆಯನಿಗೂ ತಿಳಿದಿತ್ತು. ಹೃದಯ ನಿಂತದ್ದಂತೂ ಯಾರ ಕೈಯಲ್ಲಿಯೂ ಇರಲಿಲ್ಲ. ಇವನ್ನೆಲ್ಲ ಒಂದು ಹಾಳೆಯ ಮೇಲೆ ಬೇರೆ ಬೇರೆ ಬರೆಯಿಸಿದೆ. ಕೊನೆಗೆ ಅವರ ಹೆಸರಿನ ಕೆಳಗೆ ಉಳಿದದ್ದು ಒಂದೇ ವಾಕ್ಯ: ‘ನಾಚಿಕೆಯಾಗಿ 22 ದಿನ ಕರೆ ಮಾಡಲಿಲ್ಲ.’ ಆಗಸ್ಟಿನ ಮುಂದೂಡಿಕೆಗಿಂತ ಸೆಪ್ಟೆಂಬರಿನ ಈ ನಾಚಿಕೆಯೇ ದೊಡ್ಡದೆಂದು ಇಬ್ಬರಿಗೂ ಆಗ ಕಂಡಿತು. ತಡವಾದಷ್ಟೂ ಕರೆ ಭಾರವಾಗುತ್ತದೆ, ಭಾರವಾದಷ್ಟೂ ತಡವಾಗುತ್ತದೆ. ಈಗ ಇನ್ನೂ ಕೆಲವು ನೂರು ಕುಟುಂಬಗಳ ವಿಷಯದಲ್ಲಿ ಅವರು ಮಾಡುತ್ತಿದ್ದುದು ಅದನ್ನೇ.

ನಾನು ಗಮನಿಸಿದ ಇನ್ನೊಂದು ಸಂಗತಿ ಅವರ ‘ಶುಭೋದಯ’ಗಳು. ಯಾರಿಗೂ ಕರೆ ಮಾಡದ ಈ ಮನುಷ್ಯರು ದಿನವೂ ಬೆಳಗ್ಗೆ ಆರಕ್ಕೆ, ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿದ್ದ ಸುಮಾರು 250 ಜನರಿಗೆ ಹೂವಿನ ಚಿತ್ರ ಮತ್ತು ಸುಭಾಷಿತ ಕಳಿಸುತ್ತಿದ್ದರು, ಅದನ್ನೇ ಸಂಪರ್ಕವೆಂದು ಪತ್ನಿಗೆ ತೋರಿಸುತ್ತಿದ್ದರು. ಉತ್ತರ ಬರಬೇಕಿಲ್ಲದ ಮಾತನ್ನು, ಉತ್ತರ ಬಾರದ ಹೊತ್ತಿನಲ್ಲಿ ಆಡುವುದು ತಪ್ಪಿಸಿಕೊಳ್ಳುವ ಇನ್ನೊಂದು ದಾರಿ. ಆ ದಿನದ ಸಂದೇಶವನ್ನು ಒತ್ತಿ ಹಿಡಿದು ಯಾರಿಗೆ ತಲುಪಿದೆಯೆಂದು ನೋಡಲು ಹೇಳಿದೆ. ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಮುಟ್ಟುತ್ತದೆ. ಕಳೆದ ಎರಡು ವರ್ಷಗಳಲ್ಲಿ ಹೊಸದಾಗಿ ವಿಚಾರಿಸಿದವರಲ್ಲಿ ಬಹಳ ಮಂದಿಯ ಹೆಸರು ಆ ಪಟ್ಟಿಯ ತಲುಪಿದವರ ಸಾಲಿನಲ್ಲಿ ಇರಲೇ ಇಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇಷ್ಟು ದಿನ ಯಾರಿಗೆ ಹೂ ಕಳಿಸ್ತಿದ್ದೆ?” ಎಂದು ನಕ್ಕರು. ನನ್ನೆದುರು ಅವರು ನಕ್ಕದ್ದು ಅದೇ ಮೊದಲು.

ಬಿ.ಕಾಂ. ಓದುತ್ತಿರುವ ಮಗ ತಂದೆಗೆ ಸಹಾಯವಾಗಲೆಂದು ಗ್ರಾಹಕರ ನಿರ್ವಹಣೆಯ ಆ್ಯಪೊಂದನ್ನು ಹಾಕಿಕೊಟ್ಟಿದ್ದ. ಅದು ಮೊದಲ ದಿನವೇ ಕೆಂಪು ಅಕ್ಷರದಲ್ಲಿ ಬಾಕಿ ಕೆಲಸಗಳ ದೊಡ್ಡ ಸಂಖ್ಯೆಯೊಂದನ್ನು ತೋರಿಸಿತು. ಅವರು ಅದನ್ನು ಮತ್ತೆ ತೆರೆಯಲಿಲ್ಲ. ಆ್ಯಪು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಆದರೆ ಅಪರಾಧಿ ಭಾವದಿಂದ ಬಳಲುವವರಿಗೆ ಬಾಕಿಯನ್ನು ಎಣಿಸಿ ತೋರಿಸುವ ಸಲಕರಣೆ ಔಷಧಿಯಾಗಲಾರದು. ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತರಿಸಿ, ತಿಂಗಳಿಗೆ ನಾಲ್ಕು ಪುಟದಂತೆ ವಿಂಗಡಿಸಿ, ಕಂತು ಬರುವ ತಿಂಗಳ ಪುಟದಲ್ಲಿ ಹೆಸರು ಬರೆಯಲು ಹೇಳಿದೆ. ಹೆಸರಿನ ಮುಂದೆ ಊರು, ಕಂತಿನ ದಿನಾಂಕ, ಕೊನೆಯ ಸಲ ಮಾತಾಡಿದ್ದು ಯಾವಾಗ ಮತ್ತು ಏನು, ಮುಂದಿನ ಮಾತು ಯಾವ ದಿನ. ಈ ಕೊನೆಯ ಕಾಲಂ ಯಾವ ಸಾಲಿನಲ್ಲಿಯೂ ಖಾಲಿ ಇರಬಾರದೆಂಬುದು ನಾನು ವಿಧಿಸಿದ ಒಂದೇ ನಿಯಮ. ರಾತ್ರಿ ಎರಡಕ್ಕೆ ಸಾಲುಗಟ್ಟುತ್ತಿದ್ದ ಹೆಸರುಗಳಿಗೆ ಹಗಲಿನಲ್ಲಿ ಒಂದು ದಿನಾಂಕ ಸಿಕ್ಕರೆ, ಅವು ರಾತ್ರಿ ಬಂದು ನಿಲ್ಲುವ ಕಾರಣ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆಂಬುದು ನನ್ನ ಲೆಕ್ಕವಾಗಿತ್ತು. ಪುಸ್ತಕ ತುಂಬಲು ಅವರಿಗೆ ಒಂಬತ್ತು ದಿನ ಹಿಡಿಯಿತು. ಮಗ ಹಳೆಯ ರಸೀದಿಗಳಿಂದ ದಿನಾಂಕ ಓದಿ ಹೇಳಿದ, ಇವರು ಬರೆದುಕೊಂಡರು.

ಫೋನಿನಲ್ಲಿ ಎರಡೇ ಬದಲಾವಣೆ ಮಾಡಿದೆವು. ಗ್ರಾಹಕರ ಹೆಸರನ್ನು ಉಳಿಸುವಾಗ ಹೆಸರು, ಊರು, ಕಂತಿನ ತಿಂಗಳು, ಈ ಮೂರನ್ನೂ ಸೇರಿಸುವುದು; ಆಗ ಕರೆ ಬಂದಾಗಲೇ ಪರದೆಯ ಮೇಲೆ ‘ಮಾರ್ಚ್’ ಎಂದು ಕಾಣುವುದರಿಂದ ಗಾಬರಿಯಿಂದ ತಡಕಾಡಬೇಕಿಲ್ಲ. ಎರಡನೆಯದು, ಫೋನಿನ ಕ್ಯಾಲೆಂಡರಿನಲ್ಲಿ ಪ್ರತಿ ಕಂತಿಗೂ ಎರಡು ಸೂಚನೆ: ದಿನಾಂಕಕ್ಕೆ 20 ದಿನ ಮೊದಲು ಒಂದು, ಗ್ರೇಸ್ ಅವಧಿ ಮುಗಿಯಲು ಹತ್ತು ದಿನವಿರುವಾಗ ಇನ್ನೊಂದು. ಪ್ರತಿ ವರ್ಷ ಮರಳುವಂತೆ ಒಮ್ಮೆ ಹಾಕಿಟ್ಟರೆ ಮತ್ತೆ ಮುಟ್ಟಬೇಕಾಗಿಲ್ಲ. ತಿಂಗಳ ಕಂತಿನವರಿಗೆ ಗ್ರೇಸ್ 15 ದಿನ ಮಾತ್ರವಾದ್ದರಿಂದ ಅವರನ್ನೆಲ್ಲ ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ವ್ಯವಸ್ಥೆಗೆ ಒಪ್ಪಿಸುವುದು ಒಳಿತೆಂದು ಅವರೇ ಹೇಳಿದರು. ವೃತ್ತಿಯ ಮಾತು ಅವರ ಬಾಯಿಂದ ತಾನಾಗಿ ಹೊರಟದ್ದು ನನಗೆ ಒಳ್ಳೆಯ ಲಕ್ಷಣವೆನಿಸಿತು.

ಮೊದಲ ವಾರ ಏನನ್ನೂ ಕೇಳಬೇಕಿಲ್ಲದವರಿಗೆ ಮಾತ್ರ ಕರೆ, ಅದೂ ದಿನಕ್ಕೆ ಎರಡು. ‘ಹತ್ತೂವರೆಯ ಚಹಾ ಕುಡಿದು ಲೋಟ ಕೆಳಗಿಟ್ಟೊಡನೆ ಮೊದಲ ಕರೆ’ ಎಂದು ಅವರ ಕೈಯಲ್ಲೇ ಬರೆಯಿಸಿದೆ. ಹೀಗಾದೊಡನೆ ಹೀಗೆ ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ, ಆ ಕ್ಷಣದಲ್ಲಿ ಮನಸ್ಸನ್ನು ಹೊಸದಾಗಿ ಒಪ್ಪಿಸಬೇಕಾದ ಕಷ್ಟ ತಪ್ಪುತ್ತದೆ. ಎರಡನೆಯ ವಾರ, ಕಂತು ಹತ್ತಿರವಿರುವವರು. ಮೂರನೆಯ ವಾರ, ಕಂತು ತಪ್ಪಿದವರು, ಅವರಿಗೆ ಹೇಳಬೇಕಾದ ಮೊದಲ ವಾಕ್ಯವನ್ನು ಕೋಣೆಯಲ್ಲಿಯೇ ಹತ್ತಾರು ಸಲ ಆಡಿಸಿದೆ: “ನಾನು ನಿಮಗೆ ಮೊದಲೇ ಹೇಳಬೇಕಿತ್ತು, ತಡವಾಯಿತು. ಈಗ ಏನು ಮಾಡಬಹುದು ಎಂದು ಹೇಳಲಿಕ್ಕೆ ಮಾಡಿದೆ.” ನೆಟ್‌ವರ್ಕ್, ಮಳೆ, ಮನೆಯ ಕೆಲಸ ಮುಂತಾದ ನೆವಗಳೆಲ್ಲ ಅದರಿಂದ ಹೊರಗುಳಿದವು. ಅಂಥ ಹನ್ನೊಂದು ಮನೆಗಳಲ್ಲಿ ಇಬ್ಬರು ಬೈದರು. ಬೈಸಿಕೊಂಡ ದಿನ ಅವರು ನನಗೆ ಕಳಿಸಿದ ಸಂದೇಶ: “ಬೈದ್ರು. ಆಮೇಲೆ ರಿವೈವಲ್‌ಗೆ ಎಷ್ಟಾಗ್ತದೆ ಅಂತ ಕೇಳಿದ್ರು.”

ಇನ್ನು ಪಾಲಿಸಿ ಮಾಡಿಸದೆ ‘ನೋಡೋಣ’ ಎಂದು ಹೇಳಿದ್ದ ನಲವತ್ತು ಮಂದಿ. ನಮ್ಮಲ್ಲಿ ಯಾರೂ ಮುಖಕ್ಕೆ ಹೊಡೆದಂತೆ ಬೇಡವೆನ್ನುವುದಿಲ್ಲ. ‘ನೋಡೋಣ’ ಎಂಬುದರಲ್ಲಿ ಬೇಡವೂ ಇದೆ, ಈಗ ಬೇಡವೂ ಇದೆ, ಹೆಂಡತಿಯನ್ನು ಕೇಳಬೇಕೆಂಬುದೂ ಇದೆ. ಏಜೆಂಟರು ಎಲ್ಲ ‘ನೋಡೋಣ’ಗಳನ್ನೂ ತಮ್ಮ ಮೇಲಿನ ಅಪನಂಬಿಕೆಯೆಂದೇ ಓದಿಕೊಳ್ಳುತ್ತಿದ್ದರು. ಅರ್ಥವನ್ನು ಊಹಿಸುವ ಬದಲು ಕೇಳಿಬಿಡಿ ಎಂದೆ: “ಯಾವಾಗ ಮತ್ತೆ ಕೇಳಲಿ? ಬೇಡವಾದರೆ ಹೇಳಿಬಿಡಿ, ಬೇಜಾರಿಲ್ಲ.” ಹೇಳಿದ ತಿಂಗಳನ್ನು ಅವರೆದುರಿಗೇ ಬರೆದುಕೊಳ್ಳುವುದು, ಆ ತಿಂಗಳಿಗಿಂತ ಮೊದಲು ಮಾರಾಟದ ಮಾತೆತ್ತದಿರುವುದು, ಮೂರು ಸಲವೂ ‘ನೋಡೋಣ’ ಎಂದೇ ಅಂದರೆ ಹೆಸರಿನ ಮೇಲೆ ಗೆರೆ ಎಳೆಯುವುದು. ಸಂದೇಶ ಬೇಡವೆಂದವರಿಗೆ, 1909 ಸಂಖ್ಯೆಯ ಮೂಲಕ ಡಿಎನ್‌ಡಿ (ಮಾರಾಟದ ಕರೆ, ಸಂದೇಶ ಬೇಡವೆಂದು) ನೋಂದಾಯಿಸಿಕೊಂಡಿರುವುದಾಗಿ ಹೇಳಿದವರಿಗೆ ಮರುಮಾತಿಲ್ಲದೆ ನಿಲ್ಲಿಸುವುದು. ಇವರಲ್ಲಿ ಹದಿನೈದು ಮಂದಿ ‘ಚಾಲಿ ಕೊಟ್ಟ ಮೇಲೆ’, ಎಂದರೆ ಒಣಗಿಸಿ ಸುಲಿದ ಅಡಿಕೆ ಮಾರಿದ ಮೇಲೆ, ಎಂದರು. ಹೊಸ ಪಾಲಿಸಿಯ ದಿನಾಂಕವೇ ಅಡಿಕೆ ಮಾರಿದ ತಿಂಗಳುಗಳಲ್ಲಿ ಬೀಳುವಂತೆ ನೋಡಿಕೊಂಡರೆ ಆಗಸ್ಟಿನ ಸಂಕಟವೇ ಇರುವುದಿಲ್ಲವೆಂದು ಏಜೆಂಟರು ಆಗ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡರು.

ಈ ವೃತ್ತಿಯ ರಚನೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಏಜೆಂಟರ ಕಮಿಷನ್ ಮೊದಲ ವರ್ಷ ಹೆಚ್ಚು, ಮುಂದಿನ ವರ್ಷಗಳಲ್ಲಿ ಕಡಿಮೆ. ಹೀಗಾಗಿ ಹೊಸಬರನ್ನು ಹುಡುಕುವುದು ಸಂಪಾದನೆಯಾಗಿಯೂ ಹಳಬರನ್ನು ವಿಚಾರಿಸುವುದು ಉಪಕಾರವಾಗಿಯೂ ತೋರುತ್ತದೆ. ಇವರ ಮುಂದೂಡಿಕೆ ಪೂರ್ತಿ ಇವರದೇ ಸ್ವಭಾವವೆಂದು ನನಗೆ ಅನ್ನಿಸದಿರಲು ಇದೂ ಒಂದು ಕಾರಣ.

ಐದನೆಯ ವಾರ ಎಲ್ಲವೂ ನಿಂತಿತು. ಅಡಿಕೆ ಗೊನೆಗಳ ಕೊಯ್ಲಿಗೆ ಆಳು ಸಿಗದೆ ಅವರು ತೋಟದಲ್ಲಿಯೇ ಉಳಿದರು, ಎಂಟು ದಿನ ಪುಸ್ತಕ ತೆರೆಯಲಿಲ್ಲ, ನನ್ನ ಕರೆಯನ್ನೂ ಎತ್ತಲಿಲ್ಲ. ನಾನು ಬಾಕಿಯ ಬಗ್ಗೆ ಕೇಳದೆ, ‘ಇವತ್ತಿನ ಪುಟದಿಂದ ಆರಂಭಿಸಿ, ಹಿಂದಿನದು ಭಾನುವಾರಕ್ಕೆ’ ಎಂದಷ್ಟೇ ಬರೆದು ಕಳಿಸಿದೆ. ಮರುದಿನ ಎರಡು ಕರೆ ಮಾಡಿದ್ದರು. ಎಂಟನೆಯ ಭೇಟಿಯ ಹೊತ್ತಿಗೆ ಜಿಎಡಿ-7ರ ಅಂಕ 7ಕ್ಕೆ ಇಳಿದಿತ್ತು. ರಾತ್ರಿ ಎರಡು ಗಂಟೆಯ ಎಚ್ಚರ ವಾರಕ್ಕೊಮ್ಮೆ ಮಾತ್ರ.

ಗೆಳೆಯನ ಮನೆಗೆ ಹೋಗಬೇಕೆಂದು ನಾನು ಹೇಳಿರಲಿಲ್ಲ. ಫೆಬ್ರವರಿಯ ಒಂದು ಸಂಜೆ ಅವರೇ ಹೋದರು. ಗೆಳೆಯನ ಹೆಂಡತಿ ಬಾಗಿಲಲ್ಲಿ ನಿಂತು, “ಹದಿಮೂರನೇ ದಿನಕ್ಕೂ ಬರಲಿಲ್ಲ ನೀನು” ಎಂದರಂತೆ. ಪಾಲಿಸಿಯ ಮಾತು ಅವರು ಎತ್ತಲಿಲ್ಲ. ಇವರೇ ಎತ್ತಿದರು, 22 ದಿನದ ವಿಷಯವನ್ನೂ ಹೇಳಿದರು. ಅವರು ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಕಾಫಿ ತಂದಿಟ್ಟರು. ಆಮೇಲೆ ಇವರು ಬ್ಯಾಂಕಿನ ಪಾಸ್‌ಬುಕ್ ಕೇಳಿದರು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ ಕಡಿತವಾಗಿದ್ದರೆ ಎರಡು ಲಕ್ಷದ ಕ್ಲೇಮಿಗೆ ದಾರಿಯಿತ್ತು. ದೀಪದ ಬೆಳಕಿನಲ್ಲಿ ಸಾಲು ಸಾಲಾಗಿ ಹುಡುಕಿದಾಗ ಸಿಕ್ಕಿದ್ದು 20 ರೂಪಾಯಿಯ ನಮೂದು ಮಾತ್ರ, ಅದು ಅಪಘಾತ ವಿಮೆಯದ್ದು. ಹೃದಯಾಘಾತಕ್ಕೆ ಅದು ಬರುವುದಿಲ್ಲ.

ಅದನ್ನು ನನಗೆ ಹೇಳುವಾಗ ಅವರ ದನಿ ನಡುಗಿತು, ಆದರೆ ಕೈ ಜೇಬಿಗೆ ಹೋಗಲಿಲ್ಲ. ಪುಸ್ತಕದಲ್ಲಿ ಆ ಮನೆಯ ಸಾಲನ್ನು ತೋರಿಸಿದರು. ಕಂತಿನ ದಿನಾಂಕದ ಕಾಲಮ್ಮಿನಲ್ಲಿ ಅಡ್ಡಗೆರೆ ಇತ್ತು. ಮುಂದಿನ ಮಾತಿನ ಕಾಲಮ್ಮಿನಲ್ಲಿ, ‘ಮಾರ್ಚ್ 9, ಅತ್ತಿಗೆ, ವಿಧವಾ ವೇತನದ ಅರ್ಜಿ, ನಾಡಕಚೇರಿ’ ಎಂದು ಬರೆದಿದ್ದರು.