ಕಣದ ಕಾಫಿ ನೆನೆಯಿತು, ಲೆಕ್ಕದ ಪುಸ್ತಕ ಬಿಟ್ಟುಕೊಡಲಾ?

ಪ್ರಶ್ನೆ: ಅಕ್ಕಾ, ನನಗೆ 39 ವರ್ಷ. ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಮದುವೆಯಾದಾಗಿನಿಂದ ಕೆಲಸದವರ ಹಾಜರಿ, ವಾರದ ಬಟವಾಡೆ ಎಲ್ಲ ನನ್ನ ಕೈಯಲ್ಲೇ. ಆದರೆ ಲೆಕ್ಕ ತಪ್ಪುತ್ತಲೇ ಇರುತ್ತದೆ. ಒಬ್ಬರಿಗೇ ಎರಡು ಸಲ ಮುಂಗಡ ಕೊಟ್ಟಿದ್ದೇನೆ, ಬ್ಯಾಂಕಿನ ಕಂತು ಮರೆತು ದಂಡ ಕಟ್ಟಿದ್ದೇವೆ. ಈ ಸಲ ಕೊಯ್ಲಿನ ಹೊತ್ತಿನಲ್ಲಿ ಮೋಡ ಕಂಡು ಟಾರ್ಪಾಲು ತರಲು ಒಳಗೆ ಹೋದವಳು ಇನ್ನೇನೋ ಕೆಲಸ ಹಿಡಿದುಬಿಟ್ಟೆ. ಕಣದ ಕಾಫಿ ಪೂರ್ತಿ ನೆನೆಯಿತು. "ನಿನಗೆ ಜವಾಬ್ದಾರಿ ಅನ್ನೋದೇ ಇಲ್ಲ, ಪುಸ್ತಕ ತಮ್ಮನಿಗೆ ಕೊಡ್ತೀನಿ" ಅಂತ ಯಜಮಾನರು ಹಟ ಹಿಡಿದಿದ್ದಾರೆ. ನನ್ನ 9 ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇದೆ ಅಂತ ಮೈಸೂರಿನ ಡಾಕ್ಟರು ಹೇಳಿದರು. ಅವರು ಕೇಳಿದ ಪ್ರಶ್ನೆಗಳೆಲ್ಲ ನನ್ನನ್ನೇ ಕೇಳಿದ ಹಾಗಿತ್ತು. ನಾನೂ ಪ್ರತಿ ಮಳೆಗಾಲ ಸ್ಕೂಲಲ್ಲಿ ಕೊಡೆ ಕಳೆದು ಅಪ್ಪನ ಕೈಲಿ ಏಟು ತಿಂದವಳು. ಇದು ನಿಜವಾ, ಅಥವಾ ನನ್ನ ಸೋಮಾರಿತನಕ್ಕೆ ನೆಪ ಹುಡುಕುತ್ತಿದ್ದೇನಾ? ಮಾತ್ರೆ ಶುರು ಮಾಡಿದರೆ ಬಿಡಲಾಗದ ಚಟ ಆಗುತ್ತದಾ? ಬ್ರಾಹ್ಮಿ ಸಾಕು ಅಂತಾರೆ ಅತ್ತೆ. ಮಡಿಕೇರಿ ಆಸ್ಪತ್ರೆಯಲ್ಲಿ ಯಾರಾದರೂ ನೋಡಿದರೆ ಊರೆಲ್ಲ ಸುದ್ದಿ. ಪುಸ್ತಕ ಕೊಟ್ಟುಬಿಡಲಾ?

— ಹೆಸರು ಬೇಡ

ಉತ್ತರ: ತಂಗೀ, ಮೊದಲು ಪುಸ್ತಕದ ವಿಷಯ. ಸದ್ಯ ಕೊಡಬೇಡಿ. ಜಗಳದ ಬಿಸಿಯಲ್ಲಿ ಕೈಬಿಟ್ಟ ಕೆಲಸ ಮತ್ತೆ ಕೈಗೆ ಬರುವುದು ಕಷ್ಟ. ಆದರೆ ಹಾಗಂತ ಈಗ ಇರುವ ಹಾಗೇ ಇಟ್ಟುಕೊಳ್ಳಿ ಅಂತಲೂ ಹೇಳುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮಗೆ ಎಡಿಎಚ್‌ಡಿ ಇದೆಯಾ? ಪತ್ರ ಓದಿ ಯಾರೂ ಹೇಳಲಾಗದು, ನಾನು ಆಪ್ತಸಲಹೆ ಮಾಡುವವಳೇ ಹೊರತು ಡಾಕ್ಟರಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನೆನೆದ ಕಾಫಿಯ ಮೇಲಲ್ಲ, ಆ ಕೊಡೆಗಳ ಮೇಲೆ. ಮರೆವು ಎಲ್ಲರಿಗೂ ಇರುತ್ತದೆ. ಕೊಯ್ಲಿನ ಹೊತ್ತಿನಲ್ಲಿ ತೋಟದ ಮನೆಯಲ್ಲಿ ಯಾರ ತಲೆ ನೆಟ್ಟಗಿರುತ್ತದೆ ಹೇಳಿ? ಎಡಿಎಚ್‌ಡಿ ಅನ್ನಬೇಕಾದರೆ ಅದು ಚಿಕ್ಕಂದಿನಿಂದ ಬಂದಿರಬೇಕು. ಡಾಕ್ಟರುಗಳು ನೋಡುವ ಡಿಎಸ್‌ಎಂ ಎಂಬ ಕೈಪಿಡಿಯ 2013ರ ಆವೃತ್ತಿಯ ಪ್ರಕಾರ 12 ವರ್ಷಕ್ಕೆ ಮುಂಚೆಯೇ ಕೆಲವು ಲಕ್ಷಣಗಳು ಕಂಡಿರಬೇಕು (ಅದಕ್ಕೂ ಹಿಂದೆ ಈ ಗಡಿ 7 ವರ್ಷ ಇತ್ತು). ದೊಡ್ಡವರಾದರೆ ಗಮನ ನಿಲ್ಲದಿರುವ ಒಂಬತ್ತು ಲಕ್ಷಣಗಳಲ್ಲಿ, ಇಲ್ಲವೇ ಚಡಪಡಿಕೆ ಮತ್ತು ದುಡುಕಿನ ಒಂಬತ್ತರಲ್ಲಿ ಕನಿಷ್ಠ ಐದು ಇರಬೇಕು. ಅದೂ ಮನೆಯಲ್ಲಿ ಮಾತ್ರ, ಅಥವಾ ಕೆಲಸದಲ್ಲಿ ಮಾತ್ರ ಅಂದರೆ ಆಗದು, ಕನಿಷ್ಠ ಎರಡು ಕಡೆ ಬದುಕಿಗೆ ಅಡ್ಡ ಬಂದಿರಬೇಕು. ಮಗನಿಗೆ ಇದೆ ಅನ್ನುವುದೂ ಗಮನಿಸಬೇಕಾದ ಮಾತೇ. ಇದು ರಕ್ತದಲ್ಲಿ ಬರುವುದು ತುಂಬಾ ಜಾಸ್ತಿ. ಮಗುವನ್ನು ತೋರಿಸಲು ಹೋಗಿ ತಮ್ಮದನ್ನು ಕಂಡುಕೊಂಡ ಅಮ್ಮಂದಿರಲ್ಲಿ ನೀವು ಮೊದಲಿನವರೇನಲ್ಲ.

ಇಷ್ಟು ವರ್ಷ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಅಂದರೆ, ಎಡಿಎಚ್‌ಡಿ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಬೆಂಚು ಹತ್ತಿ ಕುಣಿಯುವ ಹುಡುಗ. ಹಿಂದಿನ ಅಧ್ಯಯನಗಳೂ ಬಹಳ ಮಟ್ಟಿಗೆ ಗಂಡುಮಕ್ಕಳನ್ನೇ ನೋಡಿದ್ದವು. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಚಡಪಡಿಕೆ ಮೈಯಲ್ಲಿ ಕಾಣುವುದಿಲ್ಲ, ತಲೆಯೊಳಗೆ ಇರುತ್ತದೆ. ಕಿಟಕಿಯಾಚೆ ಮಳೆ ನೋಡುತ್ತಾ ಸುಮ್ನೆ ಕೂತ ಹುಡುಗಿ ಟೀಚರಿಗೆ ಏನೂ ತೊಂದರೆ ಕೊಡುವುದಿಲ್ಲವಲ್ಲ, ಹಾಗಾಗಿ ಯಾರೂ ದೂರು ಹೇಳುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಹೇಗೋ ಪಾಸಾಗುತ್ತಾಳೆ. ತವರಿನಲ್ಲಿ ಎಬ್ಬಿಸಲು ಅಮ್ಮ ಇರುತ್ತಾಳೆ, ಹುಡುಕಿಕೊಡಲು ಅಕ್ಕ ಇರುತ್ತಾಳೆ. ಮದುವೆಯಾದ ಮೇಲೆ ಆಟ ಬದಲಾಗುತ್ತದೆ. ಈಗ ಎಲ್ಲರದ್ದನ್ನೂ ನೆನಪಿಡಬೇಕಾದವಳು ಇವಳೇ: ಅತ್ತೆಯ ಬಿಪಿ ಮಾತ್ರೆ, ಮಗನ ಹೋಂವರ್ಕ್, ಲೈನ್‌ಮನೆಯ ಕೆಲಸದವರ ಮುಂಗಡ, ಹುತ್ತರಿ ಹಬ್ಬಕ್ಕೆ ಬರುವ ನೆಂಟರು, ಮೋಡ ಬಂದರೆ ಟಾರ್ಪಾಲು. ಆಗ ಕಟ್ಟು ಬಿಚ್ಚಿಕೊಳ್ಳುತ್ತದೆ. ಬೈಗುಳ ತಪ್ಪಿಸಿಕೊಳ್ಳಲು ಒಂದಕ್ಕೆ ನಾಲ್ಕು ಸಲ ನೋಡುವುದು, ನಗುತ್ತಾ ಮುಚ್ಚಿಹಾಕುವುದು, ರಾತ್ರಿ ಹಾಸಿಗೆಯಲ್ಲಿ ಅಳುವುದು. ಕೊನೆಗೆ ಡಾಕ್ಟರ ಹತ್ತಿರ ಹೋದರೆ ಆತಂಕ ಅಥವಾ ಖಿನ್ನತೆ ಅಂತ ಮಾತ್ರೆ ಬರೆಯುತ್ತಾರೆ. ಅದೂ ಸುಳ್ಳೇನಲ್ಲ, ಎರಡೂ ಜೊತೆಗೇ ಇರಬಹುದು. ಆದರೆ ಬೇರು ಅಲ್ಲೇ ಉಳಿಯುತ್ತದೆ.

ಸೋಮಾರಿತನವಾ ಅಂತ ಕೇಳಿದಿರಿ. ಸೋಮಾರಿಗೆ ಕೆಲಸ ಆಗಲಿಲ್ಲ ಅಂತ ನಿದ್ದೆ ಕೆಡುವುದಿಲ್ಲ. ಟಾರ್ಪಾಲು ಬೇಡ ಅಂತ ನೀವು ಕೂತಿರಲಿಲ್ಲ, ತರಲೆಂದೇ ಎದ್ದಿರಿ. ಎದ್ದ ಜಾಗಕ್ಕೂ ತಲುಪಬೇಕಾದ ಜಾಗಕ್ಕೂ ನಡುವೆ ಗಮನ ಜಾರಿತು. ಯಜಮಾನರಿಗೆ ನೆನೆದ ಕಾಫಿ ಕಾಣುತ್ತದೆ, ಈ ನಡುವಿನ ಜಾಗ ಕಾಣುವುದಿಲ್ಲ. ನಷ್ಟ ನಿಜವಾದದ್ದು, ಅವರ ಸಿಟ್ಟೂ ನ್ಯಾಯವೇ. ಅದಕ್ಕೆ ಅವರು ಕೊಟ್ಟ ಹೆಸರು ಮಾತ್ರ ತಪ್ಪಿರಬಹುದು.

ಆದರೆ ರೀಲ್ಸ್ ನೋಡಿ ತೀರ್ಮಾನಕ್ಕೆ ಬರಬೇಡಿ. ಅಲ್ಲಿ ಕೀ ಕಳೆದುಕೊಂಡವರಿಗೆಲ್ಲ ಎಡಿಎಚ್‌ಡಿ. ಥೈರಾಯ್ಡ್ ಕಡಿಮೆಯಾದರೂ, ಕಬ್ಬಿಣದ ಅಂಶ ಅಥವಾ ಬಿ12 ಇಳಿದರೂ, ವರ್ಷಗಟ್ಟಲೆ ನಿದ್ದೆಗೆಟ್ಟರೂ ತಲೆಗೆ ಇದೇ ಮಂಜು ಕವಿಯುತ್ತದೆ. ಹಾಗಾಗಿ ಮೊದಲು ಒಂದು ರಕ್ತಪರೀಕ್ಷೆ. ಮುಟ್ಟಿನ ತಾರೀಕುಗಳನ್ನೂ ಬರೆದಿಡಿ. ಮುಟ್ಟಿಗೆ ಮುಂಚಿನ ವಾರ ಎಲ್ಲ ಹದಗೆಡುತ್ತದೆ ಅಂತ ಎಡಿಎಚ್‌ಡಿ ಇರುವ ಎಷ್ಟೋ ಹೆಂಗಸರು ಹೇಳುತ್ತಾರೆ, ಈಸ್ಟ್ರೋಜನ್ ಹಾರ್ಮೋನು ಇಳಿಯುವ ಹೊತ್ತು ಅದು. ನಲವತ್ತು ದಾಟಿ ಮುಟ್ಟು ನಿಲ್ಲುವ ಕಾಲ ಹತ್ತಿರವಾದಂತೆ ಇನ್ನೂ ಜಾಸ್ತಿಯಾಗಬಹುದು. ಇದನ್ನು ನೀವಾಗಿಯೇ ಹೇಳಿ. ಎಲ್ಲ ಡಾಕ್ಟರೂ ಕೇಳುವುದಿಲ್ಲ.

ನೋಡಬೇಕಾದದ್ದು ಮನೋವೈದ್ಯರನ್ನು. ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಊರಿನವರ ಕಣ್ಣು ಬೇಡ ಅಂದರೆ ಮೈಸೂರಿಗೇ ಹೋಗಿ, ಮಗನನ್ನು ತೋರಿಸಲು ಹೇಗೂ ಹೋಗುತ್ತೀರಿ. ನಿಮ್ಮ ವಿಷಯ ಗುಟ್ಟಾಗಿ ಇಡಬೇಕಾದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಆಸ್ಪತ್ರೆಯವರ ಕರ್ತವ್ಯ. ಹೋಗುವಾಗ ಹಳೇ ಮಾರ್ಕ್ಸ್ ಕಾರ್ಡ್ ಇದ್ದರೆ ಹಿಡಿದುಕೊಳ್ಳಿ. ಚಿಕ್ಕಂದಿನಲ್ಲಿ ಹೇಗಿದ್ದೆ ಅಂತ ಅಮ್ಮನನ್ನೋ ಅಕ್ಕನನ್ನೋ ಕೇಳಿ ನಾಲ್ಕು ಸಾಲು ಬರೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ತಯಾರಾದ ಎಎಸ್‌ಆರ್‌ಎಸ್ ಅನ್ನುವ 18 ಪ್ರಶ್ನೆಗಳ ಪಟ್ಟಿಯನ್ನು ಡಾಕ್ಟರೇ ನಿಮ್ಮಿಂದ ತುಂಬಿಸಿಕೊಳ್ಳಬಹುದು. ಅದು ಜರಡಿ ಹಿಡಿಯಲು ಮಾತ್ರ, ಅದೊಂದರಿಂದಲೇ ರೋಗ ಹೇಳಲಾಗದು. ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆಯೂ ಅಲ್ಲ. ಹತ್ತು ನಿಮಿಷದಲ್ಲಿ ಚೀಟಿ ಬರೆದುಕೊಟ್ಟರೆ ಇನ್ನೊಬ್ಬರನ್ನು ನೋಡಿ.

ಮಾತ್ರೆಯ ಭಯಕ್ಕೆ ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ಮುಖ್ಯವಾಗಿ ಕೊಡುವುದು ಮೀಥೈಲ್‌ಫೆನಿಡೇಟ್ ಮತ್ತು ಅಟೊಮಾಕ್ಸೆಟಿನ್. ಮೊದಲನೆಯದು ಆಯಾ ದಿನವೇ ಕೆಲಸ ಮಾಡುತ್ತದೆ. ಅದನ್ನು ದುರುಪಯೋಗ ಮಾಡುವವರು ಇರುವುದರಿಂದ ಕಾನೂನಿನ ಕಟ್ಟುಪಾಡು ಇದೆ, ಚೀಟಿಯಿಲ್ಲದೆ ಸಿಗದು, ಎಲ್ಲ ಮೆಡಿಕಲ್ ಶಾಪಿನಲ್ಲೂ ಇರುವುದಿಲ್ಲ. ಡಾಕ್ಟರು ಹೇಳಿದ ಅಳತೆಯಲ್ಲಿ ತೆಗೆದುಕೊಂಡರೆ ಚಟವಾಗುವ ಸಂಭವ ಕಡಿಮೆ. ಎರಡನೆಯದರಲ್ಲಿ ಆ ಚಿಂತೆಯೇ ಇಲ್ಲ, ಆದರೆ ಗುಣ ಕಾಣಲು ಕೆಲವು ವಾರ ಬೇಕು. ಹಸಿವು ಕಡಿಮೆಯಾಗುವುದು, ಬಾಯಿ ಒಣಗುವುದು, ನಿದ್ದೆ ಕೆಡುವುದು, ಎದೆ ಹೊಡೆದುಕೊಳ್ಳುವುದು ಆಗಬಹುದು, ಅದಕ್ಕೇ ಬಿಪಿ ಮತ್ತು ನಾಡಿ ನೋಡುತ್ತಿರುತ್ತಾರೆ. ಹೃದಯದ ತೊಂದರೆ ಇದ್ದರೆ, ಇನ್ನೊಂದು ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿಬಿಡಿ. ಜೀವನಪೂರ್ತಿ ನುಂಗಲೇಬೇಕು ಅಂತಿಲ್ಲ, ಮಧ್ಯೆ ಡಾಕ್ಟರ ಜೊತೆ ಮಾತಾಡಿ ನಿಲ್ಲಿಸಿ ನೋಡುವವರೂ ಇದ್ದಾರೆ. ಇನ್ನು ಬ್ರಾಹ್ಮಿ. ಅತ್ತೆಯ ಪ್ರೀತಿಗೆ ಚಟ್ನಿ, ತಂಬುಳಿ ಮಾಡಿ ತಿನ್ನಿ, ಒಳ್ಳೆಯದೇ. ಚೂರ್ಣ, ಕ್ಯಾಪ್ಸೂಲ್ ಆದರೆ ಡಾಕ್ಟರಿಗೆ ಹೇಳದೆ ಬೇಡ. ಎಡಿಎಚ್‌ಡಿಯನ್ನು ಅದು ವಾಸಿ ಮಾಡುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ.

ಮಾತ್ರೆ ಗಮನ ನಿಲ್ಲಿಸಲು ನೆರವಾಗಬಹುದು, ಬಟವಾಡೆಯನ್ನು ಅದು ಮಾಡಿಕೊಡುವುದಿಲ್ಲ. ಹಾಗಾಗಿ ನಿದ್ದೆ, ಮೈ ದಣಿಸುವುದು, ಊಟ, ಮನೆಯ ವ್ಯವಸ್ಥೆ ಎಲ್ಲವೂ ಚಿಕಿತ್ಸೆಯೇ. ದಿನಾ ಬೆಳಗ್ಗೆ ತೋಟದಲ್ಲಿ ಬಿರುಸಾಗಿ ಒಂದು ಸುತ್ತು ಹಾಕಿ ಬಂದು ಆಮೇಲೆ ಲೆಕ್ಕಕ್ಕೆ ಕೂತು ನೋಡಿ. ಬೆಳಗಿನ ತಿಂಡಿ ಬಿಟ್ಟು ಬರೀ ಕಾಫಿಯ ಮೇಲೆ ಓಡಬೇಡಿ. ಕಾಫಿ ಬೆಳೆಯುವವರಿಗೇ ಕಾಫಿ ಕಡಿಮೆ ಮಾಡಿ ಅನ್ನಲು ನನಗೂ ಸಂಕೋಚ, ಆದರೆ ಮಧ್ಯಾಹ್ನದ ಮೇಲಿನ ಲೋಟಗಳು ರಾತ್ರಿಯ ನಿದ್ದೆ ತಿನ್ನುತ್ತವೆ, ಮೀಥೈಲ್‌ಫೆನಿಡೇಟ್ ಜೊತೆ ಸೇರಿದರೆ ಎದೆಬಡಿತವೂ ಹೆಚ್ಚಬಹುದು. ದೊಡ್ಡವರ ಎಡಿಎಚ್‌ಡಿಗೆಂದೇ ರೂಪಿಸಿದ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ, ಮನಶ್ಶಾಸ್ತ್ರಜ್ಞರು ಆನ್‌ಲೈನಿನಲ್ಲೂ ಮಾಡುತ್ತಾರೆ. ಹಳೇ ಬೈಗುಳಗಳು ಒಳಗೆ ಕೂತು ಮಾತಾಡುವುದನ್ನು ಇಳಿಸಲು ಅದು ಬೇಕಾಗುತ್ತದೆ.

ಈಗ ಪುಸ್ತಕ. ನಿಮ್ಮ ಕೆಲಸ ಒಂದೇ ಒಂದಲ್ಲ, ಬಿಡಿಸಿ ನೋಡಿ. ಕೆಲಸದವರ ಜೊತೆ ಮಾತು, ಯಾವ ಗಿಡ ಹಣ್ಣಾಗಿದೆ ಅನ್ನುವ ಕಣ್ಣು, ವ್ಯಾಪಾರಿಯ ಜೊತೆ ಚೌಕಾಸಿ, ಇವೆಲ್ಲ ನಿಮಗೆ ಚೆನ್ನಾಗಿ ಬರುತ್ತಿರಬಹುದು. ತಪ್ಪುತ್ತಿರುವುದು ನೆನಪಿನ ಮೇಲೆ ನಿಂತ ಕೆಲಸಗಳು. ಆ ತುಂಡುಗಳನ್ನು ಮಾತ್ರ ಬದಲಿಸಿ. ಹಾಜರಿಯನ್ನು ರಾತ್ರಿ ನೆನಪಿಸಿಕೊಂಡು ಬರೆಯಬೇಡಿ, ತೋಟದಲ್ಲಿ ನಿಂತಲ್ಲೇ ಗೀಚಿ. ಮುಂಗಡ ಕೊಟ್ಟರೆ ಪುಸ್ತಕಕ್ಕೆ ಸಹಿ ಬಿದ್ದ ಮೇಲೆಯೇ ನೋಟು ಕೈಬಿಡಿ. ಕಂತನ್ನು ಬ್ಯಾಂಕಿನವರೇ ಖಾತೆಯಿಂದ ಹಿಡಿದುಕೊಳ್ಳಲು ಬರೆದುಕೊಟ್ಟುಬಿಡಿ. ಟಾರ್ಪಾಲಿಗೆ ಮೋಡ ನೋಡಿ ನಿರ್ಧರಿಸುವುದೇ ಬೇಡ: ಅದನ್ನು ಕಣದ ಅಂಚಿನಲ್ಲೇ ಇಡಿ, ಬಿಸಿಲಿರಲಿ ಬಿಡಲಿ, ಸಂಜೆ ಇಷ್ಟು ಗಂಟೆಗೆ ಹೊದಿಸುವುದು ಅಂತ ಒಬ್ಬರಿಗೆ ಒಪ್ಪಿಸಿ. ಮೊಬೈಲ್ ಅಲಾರಾಂ ಒಳ್ಳೆಯದೇ, ಆದರೆ ನಮ್ಮ ಮಳೆಗಾಲದಲ್ಲಿ ಕರೆಂಟು ಹೋದರೆ ಚಾರ್ಜೂ ಹೋಯಿತು, ಅಡುಗೆಮನೆ ಗೋಡೆಗೆ ಒಂದು ದೊಡ್ಡ ಬೋರ್ಡೂ ಇರಲಿ.

ಬಟವಾಡೆಯ ಕೂಡಿಕೆಗೆ ಮೈದುನ ವಾರಕ್ಕೊಂದು ಗಂಟೆ ಪಕ್ಕದಲ್ಲಿ ಕೂರಲಿ. ಪುಸ್ತಕ ನಿಮ್ಮದೇ, ಅವನದು ಇನ್ನೊಂದು ಜೊತೆ ಕಣ್ಣು. ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಎಡಿಎಚ್‌ಡಿ ಇರುವ ಎಷ್ಟೋ ಜನರಿಗೆ ಕೆಲಸ ಕೈಗೆ ಹತ್ತುತ್ತದೆ, ಅವರು ಏನೂ ಮಾಡದಿದ್ದರೂ ಸರಿ.

ಯಜಮಾನರಿಗೆ ಹೇಳಿ, ಮುಚ್ಚಿಡಬೇಡಿ. ಆದರೆ "ನನಗೆ ಕಾಯಿಲೆ, ಇನ್ನು ನನ್ನನ್ನು ಬೈಯಬೇಡಿ" ಅಂತ ಶುರು ಮಾಡಿದರೆ ಅವರಿಗೆ ಅದು ನೆಪದ ಹಾಗೇ ಕೇಳುತ್ತದೆ. "ಕಾಫಿ ನೆನೆದದ್ದು ನನ್ನಿಂದಲೇ. ಮತ್ತೆ ಹಾಗಾಗದಂತೆ ಹೀಗೆ ಹೀಗೆ ಮಾಡೋಣ ಅಂತಿದ್ದೀನಿ. ಮಗನ ಜೊತೆ ನಾನೂ ತೋರಿಸಿಕೊಳ್ತೀನಿ, ನೀವೂ ಬನ್ನಿ" ಅನ್ನಿ. ಮಗನ ಬಗ್ಗೆ ಡಾಕ್ಟರ ಬಾಯಲ್ಲಿ ಕೇಳಿದರೆ ನಿಮ್ಮ ಬಗ್ಗೆಯೂ ಅವರಿಗೆ ಅರ್ಧ ಅರ್ಥವಾಗುತ್ತದೆ. ಅತ್ತೆಗೆ ಈಗಲೇ ಹೇಳುವ ಅಗತ್ಯ ಇಲ್ಲ. ಮುಂದಿನ ಒಂದು ಕೊಯ್ಲು ಹೊಸ ರೀತಿಯಲ್ಲಿ ಮಾಡಿ ನೋಡಿ, ಆಮೇಲೂ ಲೆಕ್ಕ ತಪ್ಪಿದರೆ ಪುಸ್ತಕ ಯಾರ ಕೈಯಲ್ಲಿರಬೇಕು ಅಂತ ಇಬ್ಬರೂ ಕೂತು ಮಾತಾಡಿ.

ಅಲ್ಲಿಯವರೆಗೆ ರಾತ್ರಿ ತೀರಾ ಕುಗ್ಗಿದಂತಾದರೆ, ಬದುಕೇ ಬೇಡ ಅನ್ನಿಸಿದರಂತೂ ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, 2022ರಿಂದ ಇದೆ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.