ಪ್ರತಿಕ್ರಿಯೆ: ಅಲಾಸ್ಕಾ ಕರಡಿ ಬೇಟೆಗೆ ಗೈಡ್ ಬೇಕೇ ಬೇಕಾ?

ಸಿಯಾಟಲ್‌ನಲ್ಲಿದೀನಿ, ಗ್ರೀನ್ ಕಾರ್ಡ್ ಇದೆ, ಫ್ರೆಂಡ್ಸ್ ಥರ ಗೈಡ್ ಇಲ್ದೆ ಕಪ್ಪು ಕರಡಿ ಬೇಟೆಗೆ ಹೋಗ್ಬಹುದಾ ಅಂತ ಕೇಳಿದೀರಲ್ಲ ಸರ್, ಆಗಲ್ಲ. ನಿಮ್ಮ ಫ್ರೆಂಡ್ಸ್ ಅಮೆರಿಕನ್ ಸಿಟಿಜನ್ಸ್ ಇರ್ಬೇಕು, ಅವ್ರಿಗೆ ಬ್ರೌನ್ ಬೇರ್, ಡಾಲ್ ಕುರಿ (ಅಲ್ಲಿನ ಬಿಳಿ ಕಾಡು ಕುರಿ), ಬೆಟ್ಟದ ಮೇಕೆಗೆ ಮಾತ್ರ ಗೈಡ್ ಕಡ್ಡಾಯ, ಆದ್ರೆ ನಿಮ್ಮ ಥರ ಗ್ರೀನ್ ಕಾರ್ಡ್ ಇದ್ರೂ ಅಲಾಸ್ಕಾ ನಿವಾಸಿಯಲ್ಲದ ನಾನ್-ಸಿಟಿಜನ್‌ಗೆ ಎಲ್ಲಾ ದೊಡ್ಡ ಪ್ರಾಣಿಗೂ ಲೈಸೆನ್ಸ್ ಇರೋ ಗೈಡ್ ಬೇಕು.

ನನ್ ಕೇಳಿದ್ರೆ ಬೋಟ್ ಇಟ್ಕೊಂಡಿರೋ ಫ್ಯಾಮಿಲಿ ಹತ್ರಾನೇ ಹೋಗಿ. ಅಪ್ಪ ಗೈಡು, ಅಮ್ಮ ಅಡುಗೆ, ಮಗ ಚಿಕ್ಕ ದೋಣಿ ನೋಡ್ಕೊಳ್ಳೋದು, ಆ ಥರ. ಊಟ ನಿದ್ದೆ ಎಲ್ಲಾ ದೊಡ್ಡ ಬೋಟಲ್ಲೇ. ಮೇ ತಿಂಗಳಲ್ಲಿ ಕರಡಿಗಳು ದಡದ ಹಸಿ ಹುಲ್ಲು ಮೇಯೋಕೆ ಇಳಿಯುತ್ವೆ, ಬೈನಾಕ್ಯುಲರಲ್ಲಿ ಗಂಟೆಗಟ್ಲೆ ನೋಡಿ, ಮರಿ ಜೊತೆಗಿಲ್ಲ ಅಂತ ಗ್ಯಾರಂಟಿ ಆದ್ಮೇಲೇನೇ ದಡಕ್ಕೆ ಹೋಗೋದು. ಇದ್ರಲ್ಲಿ ಅವಸರ ಮಾಡೋ ಗೈಡ್ ಬೇಡ್ವೇ ಬೇಡ. ದುಡ್ಡು ಕೊಡೋ ಮೊದ್ಲು ಲೈಸೆನ್ಸ್ ನಂಬರ್ ಕೇಳಿ, ಕಾಂಟ್ರಾಕ್ಟ್ ಬರವಣಿಗೆಯಲ್ಲೇ ತಗೊಳಿ.